ಗಾಳಿಗೆ ಬಾಗಿಲು ಹಾಕಿದವಳು

ನನ್ನ ತಂಗಿ ಬೀದಿಯ ತಿರುವಿನಲ್ಲಿ ಬಸ್ಸಿಳಿದರೆ ಸಾಕು, ಕೊಳೆತ ಮೊಟ್ಟೆಯ ವಾಸನೆ ಅವಳಿಗಿಂತ ಮೊದಲೇ ಮನೆಯ ಮೆಟ್ಟಿಲು ಹತ್ತುತ್ತಿತ್ತು. ಅವಳ ಅತ್ತೆ ಮೂಗಿಗೆ ಸೆರಗು ಹಿಡಿದು ಬಾಗಿಲಿಗೆ ಬರುತ್ತಿದ್ದರು.

“ಬಂದಳಪ್ಪ ಮಹಾರಾಣಿ! ಒಳಗೆ ಕಾಲಿಟ್ಟೀಯ, ಜೋಕೆ. ನೇರ ಬಚ್ಚಲಿಗೆ ನಡಿ.”

ತಂಗಿ ಔಷಧಿಗೆ ಬೇಕಾದ ಕಚ್ಚಾವಸ್ತು ತಯಾರಿಸುವ ಸಣ್ಣ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ನಾನು ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವಳ ರಸಾಯನಶಾಸ್ತ್ರವನ್ನೆಲ್ಲ ನಾನು ಕಲಿತದ್ದು ಬಚ್ಚಲ ಬಾಗಿಲ ಹೊರಗೆ ಕುಳಿತು, ಅವಳು ಒಳಗೆ ತಲೆಗೆ ಸೋಪು ತಿಕ್ಕುತ್ತಾ ಕೂಗಿ ಹೇಳಿದಾಗ.

ಆರು ಇಂಗಾಲಗಳು ಕೈ ಕೈ ಹಿಡಿದು ಉಂಗುರದಂತೆ ನಿಂತಿರುತ್ತವಂತೆ. ಆ ಉಂಗುರಕ್ಕೆ ಒಂದಷ್ಟು ಹೆಚ್ಚುವರಿ ಹೈಡ್ರೋಜನ್ ಅಂಟಿಕೊಂಡಿರುತ್ತದೆ, ಊಟ ಮುಗಿದರೂ ಎದ್ದು ಹೋಗದ ನೆಂಟರ ಹಾಗೆ. ಅವರನ್ನು ಸಾಗಹಾಕಿದರೆ ರಸಾಯನದವರು ಆರೊಮ್ಯಾಟಿಕ್ ಎನ್ನುವ, ಬೇಕಾದ ವಸ್ತು ಸಿಗುತ್ತದೆ. ಆದರೆ ಉಂಗುರದ ಪಕ್ಕಕ್ಕೆ ಜೋಡಿಸಿರುವ ಕೊಂಬೆಗಳು ಮುರಿಯಬಾರದು. ಔಷಧಿಯವರಿಗೆ ಬೇಕಾದದ್ದೇ ಆ ಕೊಂಬೆಗಳು.

ಅವಳ ಮುಖ್ಯಸ್ಥರಿಗೆ ಗೊತ್ತಿದ್ದದ್ದು ಒಂದೇ ದಾರಿ: ಗಂಧಕ ಸುರಿದು ಧಗಧಗ ಕಾಯಿಸುವುದು. ನೆಂಟರು ಹೋಗುತ್ತಿದ್ದರು, ಜೊತೆಗೆ ಅರ್ಧ ಕೊಂಬೆಗಳೂ ಹೋಗುತ್ತಿದ್ದವು. ವಾಸನೆ ಮಾತ್ರ ನಿಷ್ಠೆಯಿಂದ ಉಳಿಯುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗಂಧಕಪ್ಪ ಎನ್ನುತ್ತಿದ್ದರು.

ಮನೆಯಲ್ಲಿ ತಂಗಿಯ ಗಂಡ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟ: “ವಾಸನೆ ಬಿಡು, ಇಲ್ಲಾ ಕೆಲಸ ಬಿಡು.”

ಕೆಲಸ ಬಿಡುವುದೆಂದರೆ ತಂಗಿಗೆ ಉಸಿರು ಬಿಟ್ಟಂತೆ. ಅವಳು ಬೇರೆ ದಾರಿ ಹುಡುಕಿದಳು. ಚಿಟಿಕೆ ತಾಮ್ರದ ಲವಣ ಹಾಕಿ, ಸ್ನಾನದ ನೀರಿನಷ್ಟು ಬೆಚ್ಚಗಿಟ್ಟಳು, ಅಷ್ಟೇ. ಪುಟ್ಟ ಬೀಕರಿನಲ್ಲಿ ಮಾಡಿದಾಗ ನೆಂಟರೆಲ್ಲ ಗಲಾಟೆಯಿಲ್ಲದೆ ಎದ್ದು ಹೋದರು. ಕೊಂಬೆಗಳು ಇದ್ದಲ್ಲೇ ಇದ್ದವು.

ಗಂಧಕಪ್ಪ ಬೀಕರನ್ನು ಅನುಮಾನದಿಂದ ನೋಡಿದರು. “ಇದೇನಮ್ಮ, ಮಕ್ಕಳಾಟ? ಶನಿವಾರದೊಳಗೆ ದೊಡ್ಡ ಫ್ಲಾಸ್ಕಿನಲ್ಲಿ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ಸುಮ್ಮನೆ ಗಂಧಕಕ್ಕೆ ಬನ್ನಿ.”

ದೊಡ್ಡವರಿಗೆ ತೋರಿಸುವ ಕೆಲಸವಲ್ಲವೇ, ತಂಗಿ ಮದುವೆ ಹೆಣ್ಣಿನಂತೆ ಸಿಂಗಾರ ಮಾಡಿದಳು. ಹೊಸ ಫ್ಲಾಸ್ಕು, ಬಿಗಿಯಾದ ರಬ್ಬರ್ ಬಿರಡೆ, ಒಳಗಿನ ಗಾಳಿಯನ್ನು ಓಡಿಸಲು ಸಿಲಿಂಡರಿನಿಂದ ನೈಟ್ರೋಜನ್. ಗಾಳಿ ತಾಗಿದರೆ ವಸ್ತು ಕೆಡುತ್ತದೆ ಎಂದು ಅಲ್ಲಿ ಎಲ್ಲರ ಕೈಗೂ ಆ ಅಭ್ಯಾಸ ಅಂಟಿಹೋಗಿತ್ತು. ಅಷ್ಟೆಲ್ಲ ಮಾಡಿದರೂ ನೆಂಟರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ತಾಮ್ರ ಬದಲಿಸಿದಳು, ಬಿಸಿ ಹೆಚ್ಚಿಸಿದಳು, ಬಿರಡೆಯನ್ನು ಇನ್ನೂ ಬಿಗಿ ಮಾಡಿದಳು. ಉಹೂಂ.

ಗುರುವಾರ ಸಂಜೆ ರೋಸಿಹೋಗಿ ಬಿರಡೆ ಕಿತ್ತೆಸೆದು, ಫ್ಲಾಸ್ಕನ್ನು ತೊಳೆಯದೆ ಸಿಂಕಿನ ಪಕ್ಕದಲ್ಲೇ ಬಿಟ್ಟು ಬಂದಳು.

“ಮುಗೀತು ಅಕ್ಕ. ಭಾನುವಾರದಿಂದ ನಾನು ಅತ್ತೆ ಜೊತೆ ಕೂತು ಸೊಪ್ಪು ಬಿಡಿಸ್ತೀನಿ.”

ಆ ದಿನದ ನನ್ನ ಪ್ರಾರ್ಥನೆಯಲ್ಲಿ ಅವಳ ಫ್ಲಾಸ್ಕನ್ನೂ ಸೇರಿಸಿಕೊಂಡೆ. ಒಳಗಿರುವುದರ ಹೆಸರು ಬಾಯಿಗೆ ಬರಲಿಲ್ಲ. ದೇವರಿಗೆ ಗೊತ್ತಿರುತ್ತದೆ ಎಂದು ಬಿಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಫೋನು. “ಅಕ್ಕಾ, ನನ್ನಂಥ ಕತ್ತೆ ಇನ್ನೊಂದಿಲ್ಲ!”

“ಅದಿರಲಿ, ಆಗಿದ್ದೇನು?”

“ತೊಳೆಯೋಣ ಅಂತ ಎತ್ತಿಕೊಂಡರೆ ಒಳಗೆಲ್ಲ ಬಿಳೀ ಸೂಜಿ ಸೂಜಿ ಹರಳು! ಪರೀಕ್ಷೆ ಮಾಡಿದೆ, ಅದೇ ವಸ್ತು. ಹೈಡ್ರೋಜನ್ನನ್ನ ಹೊತ್ತುಕೊಂಡು ಹೋಗೋದೇ ಗಾಳಿಯಲ್ಲಿರೋ ಆಮ್ಲಜನಕ. ತಾಮ್ರ ಬರೀ ಬ್ರೋಕರ್ ಕಣೇ. ನಾನು ಅದನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ದೆ. ಬೀಕರಿಗೆ ಮುಚ್ಚಳ ಇರಲಿಲ್ಲ, ಅದಕ್ಕೇ ಆಗ ಆಗಿತ್ತು!”

ಎಲ್ಲರಿಗೂ ಪುಕ್ಕಟೆ ಸಿಗಲಿ ಎಂದು ಕೊಟ್ಟದ್ದನ್ನು ಕಷ್ಟಪಟ್ಟು ಹೊರಗಟ್ಟುವ ಬುದ್ಧಿ ಮನುಷ್ಯರಿಗೆ ಮಾತ್ರ ಇರುತ್ತದೆ.

ಶನಿವಾರ ಅವಳು ದೊಡ್ಡ ಫ್ಲಾಸ್ಕಿನ ಬಾಯಿ ತೆರೆದು, ಮೀನಿನ ತೊಟ್ಟಿಗೆ ಇಡುವಂಥ ಪುಟ್ಟ ಪಂಪಿನಿಂದ ಒಳಗೆ ಗಾಳಿ ಗುಳುಗುಳು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಹರಳು ಇಳಿಯಿತು. ಗಂಧಕಪ್ಪ ಬಗ್ಗಿ ಮೂಸಿದರು, ಇನ್ನೊಮ್ಮೆ ಮೂಸಿದರು.

“ವಾಸನೆಯೇ ಇಲ್ಲವಲ್ಲಮ್ಮ. ಕೆಲಸ ನಡೆದಿದೆ ಅಂತ ಹೇಗೆ ನಂಬೋದು?”

ಪರೀಕ್ಷೆಯ ಫಲಿತಾಂಶ ನೋಡಿ ನಂಬಿದರು, ಮುಖ ಸಪ್ಪೆ ಮಾಡಿಕೊಂಡೇ. ಗಂಧಕದ ಡಬ್ಬಗಳು ಉಗ್ರಾಣ ಸೇರಿದವು.

ಮುಂದಿನ ವಾರ ತಂಗಿ ಸದ್ದಿಲ್ಲದೆ ಒಳಗೆ ಬಂದು ಅತ್ತೆಯ ಹಿಂದೆ ನಿಂತಳು. ಅತ್ತೆ ಬೆಚ್ಚಿಬಿದ್ದು ಕೈಲಿದ್ದ ಸೌಟು ಬೀಳಿಸಿದರು.

“ಕಳ್ಳಿ ಹಾಗೆ ಬರ್ತೀಯಲ್ಲೇ! ಮೊದಲಾದರೆ ನೀನು ಬಸ್ಸಿಳಿದ ತಕ್ಷಣ ಗೊತ್ತಾಗೋದು, ಚಹಾಕ್ಕೆ ನೀರಿಡ್ತಿದ್ದೆ. ಈಗ ಯಾವಾಗ ಇಡಲಿ ನಾನು?”