ಗುರುವಾರದ ಮೂರು ನಿಮಿಷ

ಅವರ ಎಡಗಿವಿಯಲ್ಲಿ ಓಲೆ ಇರುತ್ತಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದ ಕೂಡಲೇ ಅದನ್ನು ಬಿಚ್ಚಿ ಒಂದು ಹಳೆಯ ಕುಂಕುಮದ ಡಬ್ಬಿಗೆ ಹಾಕಿ, ಹೆಡ್‌ಫೋನಿನ ಪಟ್ಟಿಯನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಹನ್ನೆರಡು ವರ್ಷ ಆ ಪಟ್ಟಿ ಕೂತ ಜಾಗದಲ್ಲಿ ಕೂದಲು ಬಗ್ಗಿ, ಬೈತಲೆಗೆ ಅಡ್ಡವಾಗಿ ಇನ್ನೊಂದು ಬೈತಲೆ ಬಿದ್ದಿತ್ತು. ಎಡಗಿವಿ ಬಲಗಿವಿಗಿಂತ ಸದಾ ಕೆಂಪು. ಇಷ್ಟು ನನಗೆ ಖಾತ್ರಿ. ಮಿಕ್ಕದ್ದರಲ್ಲಿ ಎಷ್ಟನ್ನು ಕಂಡೆ, ಎಷ್ಟನ್ನು ಆಮೇಲೆ ನನ್ನ ಅನುಕೂಲಕ್ಕೆ ತಿದ್ದಿಕೊಂಡೆ ಎನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಕಂಪೆನಿ. ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳನ್ನು ನಿಲ್ಲಿಸುವುದು ಅದು ಹೊಸದಾಗಿ ಹಿಡಿದ ಕೆಲಸ. ನಾನು ಕಾಗದಪತ್ರ ಟೈಪ್ ಮಾಡುವ ಗುಮಾಸ್ತ, ಇನ್ನೂ ಖಾಯಂ ಆಗಿರಲಿಲ್ಲ. ಅವರು ಟೆಲಿಫೋನ್ ಆಪರೇಟರ್. ಉಡುಪಿ ಕಡೆಯವರು, ಮನೆ ಆಂಟಾಪ್ ಹಿಲ್‌ನಲ್ಲಿ. ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಮೈಸೂರು, ಇವತ್ತೂ ಅದೇ ಒಣಕಲು ಚಪಾತಿಯಾ?"

"ಅದೇ ಅಕ್ಕ."

"ನಿನ್ನ ಹೊಟ್ಟೆಗೆ ಯಾರು ಶಾಪ ಕೊಟ್ಟದ್ದು ಮಾರಾಯ? ತಕೋ, ನೀರ್‌ದೋಸೆ ಉಂಟು. ನಿಧಾನ ತಿನ್ನು, ಲೋಕಲ್ ಹತ್ತುವ ಹಾಗೆ ಬೇಡ."

ಊಟದ ಹೊತ್ತಿಗೂ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ. ತುತ್ತು ನುಂಗಿ "ಹೋಲ್ಡ್ ಪ್ಲೀಸ್", ಮತ್ತೆ ಚಟ್ನಿ. ಒಮ್ಮೆ ನಮ್ಮ ಅಕೌಂಟೆಂಟ್ ಒಳಗಿನಿಂದ ಫೋನೆತ್ತಿ "ಹಲೋ" ಎಂದದ್ದಕ್ಕೆ, "ನಿಮಗೆ ಜ್ವರ ಉಂಟು, ಮನೆಗೆ ಹೋಗಿ" ಎಂದುಬಿಟ್ಟರು. ಇತ್ತು ಕೂಡ.

ಕಂಪೆನಿ ಆಗ ಕೊಂಕಣದ ಒಂದು ಹಳ್ಳಿಯ ಮೇಲಿನ ಬಂಡೆಯ ಬಯಲಿನಲ್ಲಿ ಯಂತ್ರಗಳನ್ನು ಹಾಕಲು ಹೊರಟಿತ್ತು. ಊರಿನವರು ಲಾರಿಗಳಿಗೆ ಅಡ್ಡ ಕೂತರು. ಆ ಯಂತ್ರಗಳ ಪಂಖಾ ತಿರುಗಿದರೆ ಮೋಡ ಓಡಿಹೋಗುತ್ತದೆಂದು ಹಳ್ಳಿಯವರು ಹೆದರಿದ್ದಾರೆ ಎಂಬುದು ನಮ್ಮ ಆಫೀಸಿನ ದೊಡ್ಡ ಜೋಕು. ಯಾರೋ ಒಬ್ಬಿಬ್ಬರು ಹಾಗೆ ಅಂದಿದ್ದರೂ ಇರಬಹುದು. ವಿರೋಧಕ್ಕೆ ಮೂಢನಂಬಿಕೆಯೇ ಕಾರಣವೆಂದು ಸರಕಾರಕ್ಕೆ ಹೋದ ಪತ್ರಗಳನ್ನೆಲ್ಲ ಟೈಪ್ ಮಾಡಿದವನು ನಾನೇ.

ಆ ಊರಿನ ಶಾಲೆಯ ಮಾಸ್ತರರೊಬ್ಬರು ಪ್ರತಿ ಗುರುವಾರ ಪಕ್ಕದ ಊರಿನ ಪೋಸ್ಟಾಫೀಸಿಗೆ ನಡೆದು ಬಂದು ನಮ್ಮ ಸಾಹೇಬರಿಗೆ ಟ್ರಂಕ್ ಕಾಲ್ ಹಾಕುತ್ತಿದ್ದರು. ಆ ಕರೆಯನ್ನು ಒಳಗೆ ಕೊಡಬಾರದು, ಸಾಹೇಬರು ಟೂರಿನಲ್ಲಿದ್ದಾರೆ ಎನ್ನಬೇಕು ಎಂದು ಅಪ್ಪಣೆ. ಅಕ್ಕ ಹಾಗೆಯೇ ಹೇಳುತ್ತಿದ್ದರು. ಆದರೆ ಲೈನು ಸಿಕ್ಕ ಮೇಲೆ, ಮಾತಾಡಿದರೂ ಬಿಟ್ಟರೂ, ಮೂರು ನಿಮಿಷದ ದುಡ್ಡು ಕೊಡಲೇಬೇಕು. ಮಾಸ್ತರರು ಅದನ್ನು ದಂಡ ಮಾಡದೆ ತಮ್ಮ ಅಹವಾಲನ್ನು ಅಕ್ಕನಿಗೇ ಹೇಳತೊಡಗಿದರು. ವಾರಕ್ಕೆ ಮೂರು ನಿಮಿಷದಷ್ಟು.

"ಪಂಖಾ ಬೇಡ ಅಂತ ಅವರು ಹೇಳುವುದೇ ಇಲ್ಲ ಮಾರಾಯ," ಎಂದು ಅಕ್ಕ ವಿ.ಟಿ. ಸ್ಟೇಷನ್ನಿಗೆ ನಡೆಯುವಾಗ ಒಂದು ಸಂಜೆ ಹೇಳಿದರು. "ಬಂಡೆಯ ಕೆಳಗೆ ಅವರ ಬಾವಿ. ಮೇ ತಿಂಗಳಲ್ಲಿ ನೀರಿರುವುದು ಅದೊಂದರಲ್ಲೇ. ಮೇಲೆ ಡೈನಮೈಟ್ ಇಟ್ಟರೆ ಬಂಡೆ ಸೀಳಿ ಒರತೆ ಬೇರೆ ಕಡೆ ಓಡ್ತದಲ್ಲ? ಪಂಖಾ ನಿಲ್ಲಿಸುವ ಮೂರು ಗುಂಡಿ ಆಚೆ ಸರಿಸಿ ಅಂತ ಕೇಳ್ತಾರೆ, ಅಷ್ಟೇ. ನಿಮ್ಮ ಜೋಕಿಗೆ ಬೆಂಕಿ ಬೀಳಲಿ."

ಎರಡು ಹಾಳೆಯ ತುಂಬ ಅದನ್ನೆಲ್ಲ ಬರೆದು ತಂದರು. "ನಿನ್ನ ಇಂಗ್ಲಿಷ್ ಚಂದ. ಟೈಪ್ ಮಾಡಿ ಸಾಹೇಬ್ರ ಟ್ರೇಯಲ್ಲಿ ಇಡು. ನಾನೇ ಹೋಗಿ ಹೇಳಿದ್ರೆ ಆಪರೇಟರಿಗೆ ಎಂತ ಅಧಿಕಪ್ರಸಂಗ ಅಂತಾರೆ."

ಟೈಪ್ ಮಾಡಿದೆ. ಟ್ರೇಯಲ್ಲಿ ಇಡಲಿಲ್ಲ. ಆ ವಾರ ಸಾಹೇಬರು ಊರಲ್ಲಿರಲಿಲ್ಲ ಎಂದು ನಾನು ಹಲವರಿಗೆ ಹೇಳಿದ್ದೇನೆ. ಇದ್ದರು. ಮುಂದಿನ ತಿಂಗಳು ನನ್ನ ನೌಕರಿ ಖಾಯಂ ಆಗುವುದಿತ್ತು, ಅದೇ ಕಾರಣ. ಹಾಳೆಗಳು ನನ್ನ ಡ್ರಾಯರಿನಲ್ಲಿ ಉಳಿದವು. ಅಕ್ಕ ಎರಡು ಸಲ ಕೇಳಿದರು. "ಇಟ್ಟಿದೀನಿ ಅಕ್ಕ" ಎಂದೆ, ಎರಡು ಸಲವೂ.

ಒಂದು ತಿಂಗಳಾದ ಮೇಲೆ, ಗುರುವಾರ. ನಾನು ಟೆಲಿಫೋನ್ ಬೋರ್ಡಿನ ಪಕ್ಕದಲ್ಲೇ ಇದ್ದೆ. ಡೈನಮೈಟ್ ಬಂದಿಳಿದಿದೆ, ಶನಿವಾರ ಸಿಡಿಸುತ್ತಾರಂತೆ ಎಂದು ಮಾಸ್ತರರು ಹೇಳಿದರಂತೆ. ಅಕ್ಕ ಆ ದಿನ ಟೂರ್ ಎನ್ನಲಿಲ್ಲ. ಪ್ಲಗ್ಗನ್ನು ಎತ್ತಿ ಸಾಹೇಬರ ಲೈನಿಗೆ ಚುಚ್ಚಿ, ಮರಾಠಿಯಲ್ಲಿ ಮನೆಯವರನ್ನು ಕರೆದಷ್ಟು ಮೆಲ್ಲಗೆ ಅಂದರು: "ಬೋಲಾ ಮಾಸ್ತರ್, ಸಾಹೇಬ ಆಹೇತ." ಮಾತಾಡಿ, ಸಾಹೇಬರು ಇದ್ದಾರೆ ಎಂದು.

ಸಾಹೇಬರ ಎದುರಿಗೆ ಬ್ಯಾಂಕಿನವರು ಕೂತಿದ್ದರು. ಸಾಹೇಬರು ಅರ್ಧ ನಿಮಿಷ ಕೇಳಿ ಫೋನ್ ಕುಕ್ಕಿದರು. ಬ್ಯಾಂಕಿನವರು ಹೋದ ಮೇಲೆ ಅಕ್ಕನನ್ನು ಕರೆಸಿದರು. ಹೇಳಿಕೆ ಬರೆದುಕೊಳ್ಳಲು ನನ್ನನ್ನೂ. ಅಷ್ಟು ಕಾಳಜಿ ಇದ್ದರೆ ಬರಹದಲ್ಲಿ ಏಕೆ ಕೊಡಲಿಲ್ಲ ಎಂದು ಕೇಳಿದರು. ಕೊಟ್ಟು ತಿಂಗಳಾಯಿತು ಎಂದರು ಅಕ್ಕ. ಅಂಥ ಕಾಗದ ಬಂದಿತ್ತೇ ಎಂದು ಸಾಹೇಬರು ನನ್ನನ್ನು ಕೇಳಿದರು.

ಇದನ್ನು ಹೇಳುವಾಗಲೆಲ್ಲ, ಅಕ್ಕ ಆಗ ನನ್ನತ್ತ ತಿರುಗಿ ನೋಡಿದರು ಎಂದು ಸೇರಿಸುತ್ತ ಬಂದಿದ್ದೇನೆ. ನೋಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಿದ್ದರು. "ನೋ ಸರ್" ಎಂದೆ ನಾನು.

"ಹಾಗಾದ್ರೆ ಕೊಟ್ಟಿಲ್ಲ ಅಂತಲೇ ಬರ್ಕೋ," ಎಂದರು ಅಕ್ಕ, ಕನ್ನಡದಲ್ಲಿ. ಬರೆದುಕೊಂಡೆ.

ತಿಂಗಳ ಕೊನೆಗೆ ಅಕ್ಕನಿಂದ ರಾಜೀನಾಮೆ ಬರೆಸಿಕೊಂಡು ಕಳಿಸಿದರು. ಹೋಗುವಾಗ ನನಗೆ ಹೇಳಿ ಹೋದರೆಂದು ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ.

ಬಂಡೆಯನ್ನು ಆ ಶನಿವಾರವೇ ಸಿಡಿಸಿದ್ದರು. ಮುಂದಿನ ಬೇಸಿಗೆಯಲ್ಲಿ ತಾಲೂಕು ಕಚೇರಿಯಿಂದ ಪತ್ರ ಬಂತು: ಬಾವಿ ಬತ್ತಿದೆ, ಕಂಪೆನಿ ಟ್ಯಾಂಕರಿನ ವ್ಯವಸ್ಥೆ ಮಾಡಬಹುದೇ? ಮಳೆ ಕಡಿಮೆಯಾದದ್ದಕ್ಕೆ ಕಂಪೆನಿ ಹೊಣೆಯಲ್ಲ ಎಂದು ಉತ್ತರ ಹೋಯಿತು. ಟೈಪ್ ಮಾಡಿದ್ದು ನಾನು. ಆಮೇಲಿನ ಬೇಸಿಗೆಗಳಲ್ಲೂ ಅದೇ ಪತ್ರ, ಅದೇ ಉತ್ತರ.

ಅಕ್ಕ ತೀರಿಕೊಂಡದ್ದು ಅವರು ಕೆಲಸ ಬಿಟ್ಟ ನಾಲ್ಕನೆಯ ವರ್ಷ. ನನಗೆ ತಿಳಿಯುವಾಗ ಕ್ರಿಯೆಗಳೆಲ್ಲ ಮುಗಿದಿದ್ದವು. ಅದಕ್ಕೂ ಕೆಲವು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ವಡಾಲ ಸ್ಟೇಷನ್ನಿನಲ್ಲಿ ಸಿಕ್ಕಿದ್ದರು. ಬಹಳ ಇಳಿದುಹೋಗಿದ್ದರು. ನಾನು ತಪ್ಪಿಸಿಕೊಳ್ಳಬೇಕೆಂದಿದ್ದೆ, ಅವರೇ ಕೂಗಿದರು.

"ಏ ಮೈಸೂರು! ಖಾಯಂ ಆಯ್ತಾ?"

"ಆಯ್ತು ಅಕ್ಕ."

"ಒಳ್ಳೇದಾಯ್ತು. ಮದುವೆ?"

"ಇನ್ನೂ ಇಲ್ಲ."

"ಮತ್ತೆ ಎಂತ ಮಾಡಿದಿ ಇಷ್ಟು ವರ್ಷ?" ನಕ್ಕರು. ಆಮೇಲೆ ನನ್ನ ತೋಳು ಹಿಡಿದು, "ಆ ಬಾವಿ ಎಂತ ಆಯ್ತು ಮಾರಾಯ? ನೀನು ಒಳಗಿರುವವ, ನಿನಗೆ ಗೊತ್ತಿರ್ತದೆ."

ಟ್ಯಾಂಕರ್ ಕೇಳಿ ಆ ವಾರ ಬಂದ ಪತ್ರ ಇನ್ನೂ ನನ್ನ ಟೈಪ್‌ರೈಟರಿನ ಪಕ್ಕದಲ್ಲೇ ಇತ್ತು.

"ನೀರಿದೆ ಅಕ್ಕ. ಏನೂ ಆಗಲಿಲ್ಲವಂತೆ."

"ಹೌದಾ?" ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಅಬ್ಬ, ಬಚಾವ್! ಆ ಮಾಸ್ತರರ ವಿಳಾಸ ನನ್ನ ಹತ್ರ ಉಂಟು. ಇವತ್ತೇ ಕಾಗದ ಹಾಕ್ತೇನೆ. ನೀರು ಉಳಿಯಿತಂತೆ, ಕೇಳಿ ಸಂತೋಷ ಆಯ್ತು ಅಂತ."

ಗಾಡಿ ಬಂತು. ಬೇಡ ಅಕ್ಕ ಎನ್ನಲು ಸಮಯವಿತ್ತು. ಅವರು ಲೇಡೀಸ್ ಡಬ್ಬಿ ಹತ್ತಿ ಬಾಗಿಲಲ್ಲಿ ನಿಂತು ಕೈಬೀಸಿದರು. ನಾನೂ ಬೀಸಿದೆ.

ಕಾಗದ ಹಾಕುತ್ತೇನೆ ಎಂದರೆ ಹಾಕುವವರು ಅವರು. ಟ್ಯಾಂಕರಿಗಾಗಿ ಕೊಡ ಹಿಡಿದು ಜನ ಸಾಲುಗಟ್ಟಿದ್ದ ಊರಿಗೆ ಆ ಬೇಸಿಗೆಯಲ್ಲಿ ಮುಂಬಯಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ಹೋಗಿರಬೇಕು. ಮಾಸ್ತರರು ಅದನ್ನು ಒಡೆದು ಓದಿರಬೇಕು. ಕೆಳಗೆ ಅಕ್ಕನ ಸಹಿ.