ಮಾರೆಮ್ಮ ಒಡೆದು ತೆಗೆದ ಕಿಂಡಿಗಳು

ಮಸ್ಕಿಯ ಹೊರಗೆ, ಸಿಂಧನೂರು ರಸ್ತೆಗೆ ಹೊಂದಿಕೊಂಡಿರುವ ಹೆಣ್ಣುಮಕ್ಕಳ ವಸತಿನಿಲಯದ ಗೋಡೆಗೆ ಹಿತ್ತಾಳೆಯ ಫಲಕ ಹೊಡೆದ ದಿನ ಅಡುಗೆಯ ಮಾರೆಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದಳು. ಫಲಕದ ಮೇಲೆ ‘ಹಸಿರು ಕಟ್ಟಡ’ ಎಂದು ಬರೆದು ಕೆಳಗೆ ನಾಲ್ಕು ನಕ್ಷತ್ರ ಕೆತ್ತಿದ್ದರು. ನಿಲಯ ನಡೆಸುವ ಟ್ರಸ್ಟಿನ ಮ್ಯಾನೇಜರ್ ಶಿವಕಾಂತ, ಡ್ರಿಲ್ ಮಷಿನ್ ತಂದವನಿಗೆ ಎಲ್ಲಿ ಕೊರೆಯಬೇಕೆಂದು ಬೆರಳು ತೋರಿಸುತ್ತಿದ್ದ. ಸಿಮೆಂಟಿನ ಗೋಡೆಗೆ ಕೊರೆಯುವ ರಭಸದಲ್ಲೇ ಅವನು ಮಣ್ಣಿನ ಇಟ್ಟಿಗೆಗೆ ಕೊರೆದ. ಎರಡು ಇಟ್ಟಿಗೆ ಬಿರುಕು ಬಿಟ್ಟವು. ಶಿವಕಾಂತ ಫಲಕವನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ, ಬಿರುಕು ಮುಚ್ಚಿದ್ದನ್ನು ಖಾತ್ರಿ ಮಾಡಿಕೊಂಡು, ಕೂದಲು ತೀಡಿಕೊಂಡು ಫೋಟೋಕ್ಕೆ ನಿಂತ.

“ಏನ್ ನೋಡಾಕತ್ತಿ ಮಾರೆಮ್ಮ? ಓದಾಕ ಬರ್ತದೇನು ನಿನಗ?”

“ಓದಾಕ ಬರಂಗಿಲ್ಲ ಸರ. ಗ್ವಾಡಿ ಬಿರಕ ಬಿಟ್ಟಿದ್ದು ಕಾಣ್ತೈತಿ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಮಾರೆಮ್ಮನಿಗೆ ಸಿಟ್ಟು ಬರುವುದು ಅಪರೂಪ. ಸಿಟ್ಟಿಗೆ ಬರಬೇಕಾದರೆ ಎದುರಿನವನು ಅಷ್ಟು ಯೋಗ್ಯತೆಯವನಾದರೂ ಇರಬೇಕು ಎಂಬುದು ಅವಳ ಲೆಕ್ಕ. ಹೆಚ್ಚಿನವರಿಗೆ ಅವಳ ಬಳಿ ಇದ್ದದ್ದು ಬರೀ ಒಂದು ನೋಟ. ತಲೆಯಿಂದ ಚಪ್ಪಲಿಯವರೆಗೆ ಇಳಿದು, ಮತ್ತೆ ಮೇಲೆ ಏರುವ ತೊಂದರೆಯನ್ನೇ ತೆಗೆದುಕೊಳ್ಳದ ನೋಟ.

ಬಳಗಾನೂರಿನವಳು. ಸಣ್ಣವಳಿದ್ದಾಗ ನೆಲ್ಲು ನಾಟಿಗೆ ಹೋದಳು. ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ, ಗೋಡೆ ಕಟ್ಟುವ ಗೌಂಡಿ ಕೆಲಸದ ಅಣ್ಣ ಗಾದಿಲಿಂಗನ ಹಿಂದೆ ಬುಟ್ಟಿ ಹೊರಲು ಹೊರಟಳು. ಮೂವತ್ತು ವರ್ಷ ಅದೇ ಕೆಲಸ. ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಹಣ ಹರಿದಾಡಿದ ಕಾಲದಲ್ಲಿ ಎದ್ದ ಎಷ್ಟೋ ಕಟ್ಟಡಗಳ ಸ್ಲ್ಯಾಬು ಅವಳ ತಲೆಯ ಮೇಲಿನಿಂದಲೇ ಮೇಲಕ್ಕೆ ಹೋದದ್ದು. ಅವುಗಳಲ್ಲಿ ಒಂದನ್ನೂ ಅವಳು ಮೆಚ್ಚಲಿಲ್ಲ. ಮೂರು ಅಂತಸ್ತಿಗೆ ನೀಲಿ ಗಾಜು ಹಚ್ಚಿಸಿದ ಮಾಲೀಕರು, ಗೃಹಪ್ರವೇಶದ ಸಿಹಿ ಉಂಡಿ ಬಾಯಲ್ಲಿ ಕರಗುವುದರೊಳಗೆ ಪರದೆ ಎಳೆದು, ಹಗಲಿನಲ್ಲಿ ದೀಪ ಹಾಕಿಕೊಂಡು, ಎಸಿ ಹಚ್ಚಿಕೊಂಡು ಕೂರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. “ಈ ಬಿಸಲಾಗ ಗಾಜಿನ ಪೆಟಗಿ ಕಟ್ಟಿಸಿ ಅದರಾಗ ಹೋಗಿ ಕುಂದರ್ತಾರ, ಬೇಯಾಕ,” ಎಂದು ಅಣ್ಣನಿಗೆ ಹೇಳುತ್ತಿದ್ದಳು. “ಕೂಲಿ ಕೊಡ್ತಾರ, ಸುಮ್ನಿರು ಬೇ,” ಎನ್ನುತ್ತಿದ್ದ ಗಾದಿಲಿಂಗ.

ಈ ವಸತಿನಿಲಯ ಕಟ್ಟಲು ಬಂದಾಗ ಅವಳಿಗೆ ಐವತ್ತು ದಾಟಿತ್ತು. ನಕ್ಷೆ ಬರೆದವಳು ಲಿಂಗಸುಗೂರಿನ ಇಂಜಿನಿಯರ್ ಜಯಶ್ರೀ. ಊರ ಹೊರಗಿನ ದಾನಿಯೊಬ್ಬರು ಹಣ ಕೊಡುವಾಗ, ಕಟ್ಟಡ ಹಸಿರು ನಿಯಮದ ಪ್ರಕಾರವೇ ಆಗಬೇಕೆಂದು ಷರತ್ತು ಹಾಕಿದ್ದರಿಂದ ಟ್ರಸ್ಟಿನವರು ಒಪ್ಪಿದ್ದರು. ಇಲ್ಲದಿದ್ದರೆ ಅವರೂ ಗಾಜು ಹಚ್ಚುವವರೇ. ಜಯಶ್ರೀ ಮೊದಲ ದಿನವೇ ಸೈಟಿನ ಮಣ್ಣನ್ನೇ ಅಗೆಸಿ, ಸ್ವಲ್ಪ ಸಿಮೆಂಟು ಬೆರೆಸಿ, ಮಷಿನ್ನಿನಲ್ಲಿ ಒತ್ತಿಸಿ, ಸುಡದೆ ಇಟ್ಟಿಗೆ ಮಾಡಿಸತೊಡಗಿದಳು. ಮಣ್ಣು ತೆಗೆದ ಕುಣಿ ಮಳೆನೀರಿನ ತೊಟ್ಟಿಯಾಗುವುದಿತ್ತು. ಮುಂದೆ ಸ್ಲ್ಯಾಬು ಹಾಕುವ ದಿನ ಕಂಬಿಗಳ ನಡುವೆ ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿಸಿದಳು.

ಮಾರೆಮ್ಮ ಅವಳಿಗೂ ಅದೇ ನೋಟ ಕೊಟ್ಟಳು. “ಗಡಿಗಿ ಯಾಕ್ರಿ ಮೇಡಮ್ಮಾರ? ಮ್ಯಾಲ ಅನ್ನ ಕುದಿಸೋದೈತೇನು?”

ಉಳಿದವರು ನಕ್ಕರು. ಜಯಶ್ರೀ ನಗಲೂ ಇಲ್ಲ, ಮುಖ ಗಂಟು ಹಾಕಲೂ ಇಲ್ಲ. “ಗಡಿಗಿ ಒಳಗಿನ ಗಾಳಿ ಬಿಸಲನ್ನ ಕೆಳಗ ಬಿಡಂಗಿಲ್ಲ. ಕಾಂಕ್ರೀಟೂ ಕಡಿಮಿ ಸಾಕು. ನೀ ಹೊರೋ ಬುಟ್ಟಿನೂ ಕಡಿಮಿ,” ಎಂದಳು.

ಮೂವತ್ತು ವರ್ಷದಲ್ಲಿ ಮಾರೆಮ್ಮನ ಬುಟ್ಟಿಯ ಬಗ್ಗೆ ಮಾತಾಡಿದ ಮೊದಲ ಇಂಜಿನಿಯರ್ ಅವಳು. ಅಂದಿನಿಂದ ಮಾರೆಮ್ಮ ಕೊಂಕಾಗಿಯೇ ಕೇಳುವಳು, ಜಯಶ್ರೀ ನೇರವಾಗಿಯೇ ಹೇಳುವಳು. ಹೀಗೆ ಕೇಳುತ್ತ ಕೇಳುತ್ತ, ಅಕ್ಷರ ಬಾರದ ಮಾರೆಮ್ಮನ ತಲೆಯೊಳಗೆ ಇಡೀ ಕಟ್ಟಡ ಕೂತುಬಿಟ್ಟಿತು. ಅದರಲ್ಲಿ ಅವಳಿಗೆ ಬಹಳ ಹಿಡಿಸಿದ್ದು ಕಿಂಡಿಗಳ ಹಿಕಮತ್ತು. ಪ್ರತಿ ಕೋಣೆಯಲ್ಲೂ ಗೋಡೆಯ ಬುಡದಲ್ಲಿ ಅಂಗಳದ ಕಡೆಗೆ ಎರಡು ಕಿಂಡಿ, ಅವಕ್ಕೆ ಹಲಗೆಯ ಬಾಗಿಲು. ಮಾಡಿನ ಕೆಳಗೆ ಎದುರು ಗೋಡೆಯಲ್ಲಿ ಮತ್ತೆರಡು.

“ಮ್ಯಾಲಿನವು ಸದಾ ತೆರದಿರಬೇಕು, ಬಿಸಿ ಗಾಳಿ ಹೊರಗ ಹೋಗಾಕ,” ಎಂದಿದ್ದಳು ಜಯಶ್ರೀ. “ಕೆಳಗಿನವನ್ನ ಸಂಜಿಗೆ ತೆಗೀಬೇಕು, ಮುಂಜಾನಿ ಬಿಸಲು ಏರೋದ್ರಾಗ ಹಾಕಬೇಕು. ರಾತ್ರಿ ತಂಪು ಒಳಗ ಬಂದು ಗ್ವಾಡ್ಯಾಗ ಕುಂದರ್ತದ. ಮರುದಿನ ಜಲ್ದಿ ಬಿಟ್ಟು ಹೋಗಂಗಿಲ್ಲ.”

“ನಮ್ಮಪ್ಪನ ಮಾಳಿಗಿ ಮನ್ಯಾಗನೂ ಮ್ಯಾಲ ಗವಾಕ್ಷಿ ಇತ್ತು,” ಎಂದಳು ಮಾರೆಮ್ಮ. “ಅದಕ್ಕ ಯಾರೂ ನಕ್ಷತ್ರ ಕೊಡಲಿಲ್ಲ.”

ಕಟ್ಟಡ ಮುಗಿಯುವ ಹೊತ್ತಿಗೆ ಅವಳ ಮೊಣಕಾಲು ನಿಚ್ಚಣಿಕೆ ಏರಲು ಒಲ್ಲೆ ಎನ್ನತೊಡಗಿತ್ತು. ಅಲ್ಲೇ ಅಡುಗೆಗೆ ಸೇರಿಕೊಂಡಳು. ಜೊತೆಗೆ ಮಸ್ಕಿಯ ಚಾಂದ್‌ಬೀ. ಇಬ್ಬರಿಂದ ಎಂಬತ್ತು ಹುಡುಗಿಯರ ಊಟ. ಮೊದಲ ಬೇಸಿಗೆಯಲ್ಲಿ ಮಾರೆಮ್ಮ ಮುಂಜಾನೆ ಉಪ್ಪಿಟ್ಟು ಇಳಿಸಿ ಕಿಂಡಿ ಹಾಕುವಳು, ಸಂಜೆ ರೊಟ್ಟಿಗೆ ಹಿಟ್ಟು ಕಲಸುವ ಮುಂಚೆ ಕಿಂಡಿ ತೆಗೆಯುವಳು. ಹೊರಗೆ ಕೆಂಡ ಸುರಿದಂತಿದ್ದರೂ ಹುಡುಗಿಯರು ಮಧ್ಯಾಹ್ನ ನೆಲದ ಮೇಲೆ ಅಂಗಾತ ಮಲಗಿ ಓದುತ್ತಿದ್ದರು. ಕರೆಂಟು ಹೋದರೂ ಯಾರೂ ಗೊಣಗಲಿಲ್ಲ. ಕಾಲುವೆ ನೀರು ನಿಂತ ಮೇಲೂ ತೊಟ್ಟಿಯ ಮಳೆನೀರು ಬಹಳ ದಿನ ಬಂತು. ಪಕ್ಕದಲ್ಲೇ ಇದ್ದ ಅದೇ ಟ್ರಸ್ಟಿನ ಗಾಜಿನ ಕಾಲೇಜಿನಿಂದ ಮೇಷ್ಟ್ರುಗಳು ಊಟದ ನೆಪ ಮಾಡಿಕೊಂಡು ಬಂದು ಇಲ್ಲಿನ ಪಡಸಾಲೆಯಲ್ಲಿ ಕೂರುತ್ತಿದ್ದರು.

ಇದೆಲ್ಲ ಕೆಟ್ಟದ್ದು ಶಿವಕಾಂತ ಬಂದ ಮೇಲೆ. ಅವನು ಟ್ರಸ್ಟಿನ ಕಾರ್ಯದರ್ಶಿಯ ತಂಗಿಯ ಮಗ. ಬೇರೆ ಯಾವ ಅರ್ಹತೆಯನ್ನೂ ಯಾರೂ ಕೇಳಿರಲಿಲ್ಲ, ಅವನೂ ತೋರಿಸಿರಲಿಲ್ಲ. ಫಲಕ ಹೊಡೆಸಿದ ತಿಂಗಳೊಳಗೆ, ಮೇಲಿನ ಕಿಂಡಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ಕಸ ಬೀಳುತ್ತದೆ ಎಂದು ಅವನ್ನೆಲ್ಲ ಸಿಮೆಂಟು ಹಾಕಿಸಿ ಮುಚ್ಚಿಸಿದ. ಮಳೆಗಾಲದಲ್ಲಿ ಕೆಳಗಿನ ಕಿಂಡಿಯಿಂದ ಒಂದು ಚೇಳು ಬಂತು, ಅವನ್ನೂ ಮುಚ್ಚಿಸಿದ.

“ಸರ, ಜಾಳಿಗಿ ಹಾಕಿಸಿದ್ರ ಆಗ್ತಿತ್ತು,” ಎಂದಳು ಮಾರೆಮ್ಮ. “ಮುಚ್ಚಿದ್ರ ಬ್ಯಾಸಗ್ಯಾಗ ಹುಡುಗ್ಯಾರು ಸಾಯ್ತಾರ.”

“ನೀ ಅಡಗಿ ನೋಡ್ಕೋ. ಕಟ್ಟಡದ ಹಕೀಕತ್ ನಿನಗೇನು ಗೊತ್ತು?”

ಮಾರೆಮ್ಮ ಅವನ ಚಪ್ಪಲಿಯವರೆಗೆ ನೋಡಿ ಅಡುಗೆಮನೆಗೆ ನಡೆದಳು. ಆ ಗೋಡೆಯ ಒಂದೊಂದು ಇಟ್ಟಿಗೆಯೂ ತನ್ನ ಕೈ ದಾಟಿ ಹೋದದ್ದೆಂದು ಇಂಥವನಿಗೆ ಹೇಳುವುದೇ ಅವಮಾನ ಎನಿಸಿತು. ಕಟ್ಟಡವನ್ನು ಹೇಗೆ ನಡೆಸಬೇಕೆಂದು ಜಯಶ್ರೀ ಬರೆದುಕೊಟ್ಟ ಹಾಳೆ ಆಫೀಸಿನ ಗೋಡೆಯ ಮೇಲೆಯೇ ಇತ್ತು. ಅದರ ಮೇಲೆ ಶಿವಕಾಂತ ಕ್ಯಾಲೆಂಡರ್ ತೂಗುಹಾಕಿದ್ದ.

ಏಪ್ರಿಲ್ ಬಂತು. ಹಗಲಿನ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಕೋಣೆಗಳಲ್ಲಿ ಸೇರಿಕೊಂಡಿತು. ಪರೀಕ್ಷೆಗೆ ಓದುತ್ತಿದ್ದ ಪ್ರಿಯಾಂಕಾ ಎಂಬ ಹುಡುಗಿ ಊಟದ ಸಾಲಿನಲ್ಲಿ ತಲೆ ತಿರುಗಿ ಬಿದ್ದಳು. ಚಾಂದ್‌ಬೀ ಅವಳ ಮುಖಕ್ಕೆ ನೀರು ಚಿಮುಕಿಸಿದಳು. ಶಿವಕಾಂತ ಬಂದು ನೋಡಿ, “ಈಗಿನ ಹುಡುಗ್ಯಾರಿಗೆ ತಾಕತ್ತ ಇಲ್ಲ,” ಎಂದು ಹೇಳಿ, ತನ್ನ ಆಫೀಸಿಗೊಂದು ಕೂಲರ್ ತರಿಸಿದ.

ಅದೇ ವಾರ, ಫಲಕ ಕೊಟ್ಟ ಸಂಸ್ಥೆಯವರು ಮರುತಪಾಸಣೆಗೆ ಬರುತ್ತಾರೆಂದು ಪತ್ರ ಬಂತು. ಶಿವಕಾಂತ ಎರಡು ದಿನ ತಲೆ ಕೆಡಿಸಿಕೊಂಡು ಒಂದು ತೀರ್ಮಾನಕ್ಕೆ ಬಂದ. ಸಿಂಧನೂರಿನಿಂದ ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳನ್ನು ತರಿಸಿ ಅಂಗಳಕ್ಕೆಲ್ಲ ಹಾಸಿಸಿದ. ಗೇಟಿಗೆ ಹಸಿರು ಬಣ್ಣ ಬಳಿಸಿದ. ಮಟಮಟ ಮಧ್ಯಾಹ್ನ ಆ ಹುಲ್ಲಿನ ಮೇಲೆ ಬರಿಗಾಲಿಟ್ಟ ಹುಡುಗಿಯೊಬ್ಬಳು ಚೀರಿಕೊಂಡು ಓಡಿದಳು.

ಚಾಂದ್‌ಬೀಗೆ ನಗು ತಡೆಯಲಾಗಲಿಲ್ಲ. “ಮಾರೆಕ್ಕಾ, ಹಸಿರು ಅಂದ್ರ ಬಣ್ಣ ಅಂತ ತಿಳ್ದಾನಲ್ಲ ಇವ!”

ಮಾರೆಮ್ಮ ನಗಲಿಲ್ಲ. ಒಬ್ಬ ಮನುಷ್ಯ ಇಷ್ಟು ದಡ್ಡನಾಗಿರುವುದು ಅವನ ಪಾಡು. ಅವನ ದಡ್ಡತನದಲ್ಲಿ ಎಂಬತ್ತು ಹುಡುಗಿಯರು ಬೇಯುವುದು ಅವಳಿಗೆ ಸೇರಲಿಲ್ಲ. ಭಾನುವಾರ ಶಿವಕಾಂತ ಲಿಂಗಸುಗೂರಿಗೆ ಮದುವೆಗೆ ಹೋದ. ಅನ್ನಕ್ಕೆ ಎಸರಿಟ್ಟು ಮಾರೆಮ್ಮ ಹಾರೆ ಎತ್ತಿಕೊಂಡಳು.

“ನೌಕರಿ ಹೋಗ್ತದ, ಅಕ್ಕಾ,” ಎಂದಳು ಚಾಂದ್‌ಬೀ.

“ಹೋಗ್ಲಿ. ನಿಚ್ಚಣಿಕಿ ಹಿಡಿ.”

ಕೆಳಗಿನ ಕಿಂಡಿಗಳನ್ನು ಮೊದಲು ಒಡೆದಳು. ಇಟ್ಟಿಗೆಗೆ ಪೆಟ್ಟು ಬೀಳದಂತೆ, ಸಿಮೆಂಟಿನ ಅಂಚಿಗೆ ಮಾತ್ರ ಹಾರೆಯ ಮೊನೆ ಕೊಟ್ಟು ಎಬ್ಬಿಸಿದಳು. ಮೇಲಿನವಕ್ಕೆ ಅವಳ ಮೊಣಕಾಲು ಒಪ್ಪಲಿಲ್ಲ. ಆಗ ಪ್ರಿಯಾಂಕಾಳೇ ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಏರಿದಳು. ಮಾರೆಮ್ಮ ಕೆಳಗಿನಿಂದಲೇ ಬೈಯುತ್ತ ಕೆಲಸ ಹೇಳಿಕೊಟ್ಟಳು: “ಗ್ವಾಡಿಗೆ ಹೊಡೀಬ್ಯಾಡ ಬೇ, ಅದೇನು ನಿನಗ ಬೈದೈತೇನು? ಅಂಚಿಗೆ ಹೊಡಿ!” ಸಂಜೆಯೊಳಗೆ ಕೆಳಗಿನವಕ್ಕೆ ಹಲಗೆಯ ಬಾಗಿಲನ್ನು ಮತ್ತೆ ಕೂಡಿಸಿ, ಎಲ್ಲ ಕಿಂಡಿಗೂ ಸೊಳ್ಳೆಯ ಜಾಳಿಗೆ ಬಿಗಿದದ್ದಾಯಿತು. ಬಿಸಿಲು ಒಳಗಿಳಿಯದಿರಲೆಂದು ಹುಡುಗಿಯರು ಮಾಳಿಗೆಗೆ ದಪ್ಪಗೆ ಸುಣ್ಣ ಬಳಿದರು. ಪ್ಲಾಸ್ಟಿಕ್ ಹುಲ್ಲನ್ನು ಸುತ್ತಿ ಆಫೀಸಿನ ಬಾಗಿಲಿಗೆ ಒರಗಿಸಿ ನಿಲ್ಲಿಸಿದರು. ಮೂರೇ ದಿನಕ್ಕೆ ಕೋಣೆಗಳ ಕಾವು ಇಳಿಯಿತು.

ಮದುವೆಯ ಸುತ್ತಾಟ ಮುಗಿಸಿ ನಾಲ್ಕನೆಯ ದಿನ ಬಂದ ಶಿವಕಾಂತ ಕಿಂಡಿಗಳನ್ನು ಕಂಡು ಕೂಗಾಡಿದ. “ಟ್ರಸ್ಟಿನ ಆಸ್ತಿ ಒಡದೀದಿ! ಯಾರನ್ನ ಕೇಳಿ ಒಡದಿ?”

“ನೀವು ಯಾರನ್ನ ಕೇಳಿ ಮುಚ್ಚಿದ್ರಿ?”

“ನಾಳೆಯಿಂದ ಬರಬ್ಯಾಡ ನೀ!”

“ಇವತ್ತಿಂದನೇ ಬರಂಗಿಲ್ಲ. ಒಲಿ ಮ್ಯಾಲ ಸಾರೈತಿ, ಹೊತ್ತದಂಗ ನೀವೇ ತಿರುವ್ರಿ.”

ಸೌಟನ್ನು ಅವನ ಕೈಗೇ ಕೊಟ್ಟು ಹೊರಟಳು. ಶಿವಕಾಂತ ಸೌಟು ಹಿಡಿದುಕೊಂಡು ನಿಂತೇ ಇದ್ದ, ಅದನ್ನು ಎಲ್ಲಿ ಇಡಬೇಕೆಂಬುದೂ ತಿಳಿಯದವನಂತೆ. ಬಳಗಾನೂರಿನ ಬಸ್ಸು ಹತ್ತಿದ ಮೇಲೆ ಅವಳಿಗೆ ಹುಡುಗಿಯರು ನೆನಪಾದರು. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು.

ಶಿವಕಾಂತ ಕಿಂಡಿಗಳನ್ನು ಮತ್ತೆ ಮುಚ್ಚಿಸುವುದರೊಳಗೆ ತಪಾಸಣೆಯ ದಿನ ಬಂತು. ಅಜೀಮ್ ಎಂಬ ಅಧಿಕಾರಿ ಜಯಶ್ರೀಯ ಜೊತೆ ಬಂದ. ಮಧ್ಯಾಹ್ನ ಮೂರಕ್ಕೆ ಹೊರಗೆ ನಲವತ್ತೊಂದು ಡಿಗ್ರಿ. ಪಡಸಾಲೆಯಲ್ಲಿ ಅವನ ಯಂತ್ರ ಮೂವತ್ತಮೂರು ತೋರಿಸಿತು. ಕಿಂಡಿಗಳನ್ನು ತೆಗೆದು ಹಾಕುವ ವೇಳೆಯನ್ನು ಇಷ್ಟು ಸರಿಯಾಗಿ ನೋಡಿಕೊಳ್ಳುವವರು ಯಾರು ಎಂದು ಕೇಳಿದ. ಶಿವಕಾಂತ, “ನಾನೇ ರೀ,” ಎಂದ. “ಹಂಗಾದ್ರ ಕೆಳಗಿನವನ್ನ ಹಗಲಿನಾಗ ಯಾಕ ಹಾಕ್ತೀರಿ?” ಎಂದ ಅಜೀಮ್. ಶಿವಕಾಂತ ಸ್ವಲ್ಪ ಯೋಚಿಸಿ, “ಚೇಳು ಬರ್ತಾವಲ್ರಿ,” ಎಂದ.

ಜಯಶ್ರೀ ತುಟಿ ಕಚ್ಚಿಕೊಂಡಳು. ಹಿಂದೆ ನಿಂತಿದ್ದ ಪ್ರಿಯಾಂಕಾ, “ರಾತ್ರಿ ತಂಪು ಗ್ವಾಡ್ಯಾಗ ಕುಂತಿರ್ತದ್ರಿ, ಹಗಲ ಬಿಸಿಗಾಳಿ ಬಂದು ಅದನ್ನ ಓಡಸಬಾರದಂತ,” ಎಂದಳು. “ಮಾರೆಮ್ಮಾಯಿ ಹೇಳ್ಯಾಳ. ಅಕಿನ್ನ ಇವರು ನೌಕರಿಯಿಂದ ತೆಗದಾರ.”

ಶಿವಕಾಂತನಿಗೆ ಏನೂ ಆಗಲಿಲ್ಲ. ಅಂಥವರಿಗೆ ಆಗುವುದೂ ಇಲ್ಲ. ನಕ್ಷತ್ರಗಳು ಉಳಿದವು, ಟ್ರಸ್ಟಿನ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದರು. ಆದರೆ ಜಯಶ್ರೀ ಮರುದಿನವೇ ಬಳಗಾನೂರಿಗೆ ಹೋದಳು. ಲಿಂಗಸುಗೂರಿನಲ್ಲಿ ಅವಳು ಒಂದು ಹೆರಿಗೆ ಆಸ್ಪತ್ರೆಯನ್ನು ಇದೇ ರೀತಿ ಕಟ್ಟಿಸುತ್ತಿದ್ದಳು. “ಬುಟ್ಟಿ ಹೊರಾಕಲ್ಲ, ಮಾರೆಮ್ಮ. ಗೌಂಡಿಗಳಿಗೆ ಹೇಳಿಕೊಡಾಕ, ಮುಗಿದ ಮ್ಯಾಲ ಅಲ್ಲಿನ ಆಯಾಗಳಿಗೆ ಕಲಿಸಾಕ,” ಎಂದಳು.

ನಿಲಯದ ಅಡುಗೆಮನೆ ಚಾಂದ್‌ಬೀಯ ಪಾಲಾಯಿತು. ಕಿಂಡಿಗಳ ಪಾಳಿಯನ್ನು ಹುಡುಗಿಯರು ತಾವೇ ಹಂಚಿಕೊಂಡರು. ಮಾರೆಮ್ಮ ಆಸ್ಪತ್ರೆಯ ಸೈಟಿನಲ್ಲಿ ಸ್ಟೂಲಿನ ಮೇಲೆ ಕೂತು, ಇಪ್ಪತ್ತು ವರ್ಷ ಗೋಡೆ ಎಬ್ಬಿಸಿದ ಗೌಂಡಿಗಳನ್ನು ಇಪ್ಪತ್ತು ದಿನ ಅಳಿಸುವಷ್ಟು ಬೈದಳು. ಕಿಂಡಿ ಒಂದು ಗೇಣು ತಪ್ಪಿದರೂ ಬಿಚ್ಚಿಸಿದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಲ್ಲಿಗೆ ಶಿವಕಾಂತ ಬಂದ. ಮಸ್ಕಿಯಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದನಂತೆ. “ಮಾರೆಮ್ಮ, ಒಂದೀಟು ಬಂದು ಕಿಂಡಿ ಎಲ್ಲಿ ಬಿಡಬೇಕು ತೋರಿಸವ್ವಾ. ನಮ್ಮವ್ವಗ ಬಿಸಲು ತಡಿಯಂಗಿಲ್ಲ,” ಎಂದ.

ಬರುವುದಿಲ್ಲ ಎನ್ನುವ ಮಾತು ಮಾರೆಮ್ಮನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವನ ತಾಯಿ ಅವಳಿಗೇನೂ ಮಾಡಿರಲಿಲ್ಲ. ಹೋದಳು. ಗೌಂಡಿಗೆ ಗೋಡೆಯ ಮೇಲೆ ಇದ್ದಲಿನಿಂದ ಗುರುತು ಹಾಕಿ ಕೊಟ್ಟು, ಮಾಡಿಗೆ ಗಡಿಗೆ ಇಡುವ ಅಂತರ ತೋರಿಸಿ, ಸೀರೆಯ ಧೂಳು ಕೊಡವಿಕೊಂಡಳು. ಶಿವಕಾಂತ ಚಹಾ ತರಿಸಿದ್ದ.

“ಚಹಾ ಬ್ಯಾಡ,” ಎಂದಳು ಮಾರೆಮ್ಮ. “ನೀವು ಈ ಗ್ವಾಡಿ ಕಡೆ ಬರದಿದ್ರ ಸಾಕು.”

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಸ್ಟ್ಯಾಂಡಿನವರೆಗೆ ನಡೆದೇ ಹೋದಳು.