ಕಿವಿಯಣ್ಣ ಕೇಳದ ಸದ್ದು

ಮರ ಕೊಯ್ಯುವ ಮಷೀನುಗಳ ರಿಪೇರಿಗೆ ಆ ಬೀದಿಯಲ್ಲಿ ಇದ್ದದ್ದು ಒಂದೇ ಅಂಗಡಿ. ಅದರ ಯಜಮಾನನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು. ಇಂಜಿನ್ ಒಂದು ನಿಮಿಷ ಓಡಿದರೆ ಸಾಕು, ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಮೀಟರು ಗೀಟರು ಹಿಡಿದು ಬರುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಥವನಿಗೆ ಕಳೆದ ವಾರ ಹೆಂಡತಿ, ಅದೂ ಮಗಳ ಎದುರಿಗೇ, "ನಿಮಗೆ ಕಿವಿ ಮಂದ ಆಗ್ತಿದೆ, ಡಾಕ್ಟರಿಗೆ ತೋರಿಸ್ಕೊಳ್ಳಿ" ಅಂದುಬಿಟ್ಟಳು. ಅಡುಗೆಯವನಿಗೆ ನಾಲಿಗೆ ಸತ್ತಿದೆ ಅಂದರೆ ಅವನು ಸುಮ್ಮನಿರುತ್ತಾನೆಯೇ? ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ಆ ಸಿಟ್ಟು ಆರುವ ಮೊದಲೇ ತಂಗಿ ಬಂದಳು, ಅಪ್ಪನ ಕಾಲದ ಮಷೀನು ಹೊತ್ತುಕೊಂಡು. ರಸ್ತೆ ಬದಿಯ ಒಣಮರ ಕೊಯ್ದು ಸಂಸಾರ ನಡೆಸುವವಳು ಅವಳು.

"ಅಣ್ಣಾ, ಐದು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಏದುಸಿರು ಬಿಟ್ಟು ನಿಂತುಹೋಗುತ್ತೆ. ಶೋರೂಮಿನವನು ಎಸೆದುಬಿಡಿ ಅಂದ."

"ಎಸೀಬೇಕಾದ್ದು ಅವನನ್ನ," ಎಂದು ಕಿವಿಯಣ್ಣ ಹಲ್ಲು ಕಡಿದ. ಇವರಿಗೆ ಹಳೆಯದೆಂದರೆ ಹೆಣ, ಹೊಸದು ಮಾರುವುದೊಂದೇ ವಿದ್ಯೆ.

ಐದು ನಿಮಿಷ ಓಡಿ ನಿಲ್ಲುವ ಮಷೀನಿನಲ್ಲಿ ಮೊದಲು ನೋಡಬೇಕಾದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಸಣ್ಣ ತೂತು. ಪೆಟ್ರೋಲ್ ಇಳಿದಂತೆ ಅದರ ಮೂಲಕ ಗಾಳಿ ಒಳಗೆ ಹೋಗಬೇಕು. ತೂತು ಕಟ್ಟಿಕೊಂಡರೆ ಪೆಟ್ರೋಲ್ ಇಂಜಿನ್ನಿಗೆ ಬರುವುದಿಲ್ಲ. ಆಗ ಮುಚ್ಚಳ ತಿರುವಿದರೆ ಗಾಳಿ ಉಸ್ಸೆಂದು ನುಗ್ಗುತ್ತದೆ. ಕಿವಿಯಣ್ಣ ಮಷೀನು ಓಡಿಸಿ, ಅದು ನಿಂತ ಕೂಡಲೇ ಕಿವಿ ಹತ್ತಿರ ಹಿಡಿದು ಮುಚ್ಚಳ ತೆರೆದ. ಸದ್ದಿಲ್ಲ.

"ಮುಚ್ಚಳ ಸರಿಯಿದೆ," ಎಂದು ತೀರ್ಪು ಕೊಟ್ಟ. ತಂಗಿ ಏನೋ ಹೇಳಹೊರಟು ಸುಮ್ಮನಾದಳು.

ಆಮೇಲೆ ಮೂರು ದಿನ ಅವನು ಬೈಯದೆ ಬಿಟ್ಟವರಿಲ್ಲ. ಪ್ಲಗ್ ಬದಲಾಯಿಸಿದ, ಪ್ಲಗ್ ಮಾಡಿದವರನ್ನು ಬೈದ. ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದ, ಬಂಕಿನವರ ಜನ್ಮ ಜಾಲಾಡಿದ. ಫಿಲ್ಟರ್, ರಬ್ಬರ್ ಪೈಪು, ಕೊನೆಗೆ ಕಾರ್ಬೊರೇಟರನ್ನೂ ಬಿಚ್ಚಿ ತೊಳೆದ. ಮಷೀನು ಪ್ರತಿಸಲವೂ ಐದನೇ ನಿಮಿಷಕ್ಕೆ ಕೈಕೊಟ್ಟಿತು.

ಮೂರನೇ ದಿನ ಸಂಜೆ ತಂಗಿ ಮತ್ತೆ ಬಂದಳು. ಅವಳ ಎದುರೂ ಅದು ನಿಂತಿತು. ಪೆಟ್ರೋಲ್ ಎಷ್ಟಿದೆ ನೋಡಲು ಅವಳೇ ಮುಚ್ಚಳ ತಿರುವಿದಳು.

"ಇನ್ನೂ ಉಸ್ ಅಂತಾನೇ ಇದೆಯಲ್ಲಣ್ಣ."

"ಏನು?"

"ಮೊನ್ನೆ ನೀನು ತೆಗೆದಾಗಲೂ ಅಂತು. ನಿನಗೆ ತಿಳೀದೇ ಇರುತ್ತಾ ಅಂತ ಸುಮ್ಮನಿದ್ದೆ."

ಕಿವಿಯಣ್ಣನಿಗೆ ಮೈಯೆಲ್ಲ ಉರಿಯಿತು. ಇವಳೂ ಹೆಂಡತಿಯ ಜೊತೆ ಸೇರಿಕೊಂಡಳೇ? ಮಷೀನು ಮತ್ತೆ ಓಡಿಸಿದ. ಅದು ನಿಂತಿತು. ಕಿವಿಯನ್ನು ಮುಚ್ಚಳಕ್ಕೆ ತಾಗಿಸುವಷ್ಟು ಬಗ್ಗಿ ಮೆಲ್ಲಗೆ ತಿರುವಿದ. ಅಂಚಿನಲ್ಲಿ ಅಂಟಿದ್ದ ಮರದ ಹುಡಿ ಗಾಳಿಯ ಸೆಳೆತಕ್ಕೆ ಒಳಕ್ಕೆ ಸರಿದದ್ದು ಕಂಡಿತು. ತಂಗಿ ಹೌದೆಂದು ತಲೆ ಆಡಿಸಿದ್ದೂ ಕಂಡಿತು. ಕೇಳಿಸಿದ್ದು ಮಾತ್ರ ಏನೂ ಇಲ್ಲ.

ಸೂಜಿಯಿಂದ ತೂತು ಕೆದಕಿದ. ಎಣ್ಣೆ ಹಿಡಿದ ಹುಡಿಯ ಒಂದು ಉಂಡೆ ಬಂತು. ಮಷೀನು ಹದಿನೈದು ನಿಮಿಷ ನಿಲ್ಲದೆ ಓಡಿತು.

ಈಗ ಯಾರನ್ನು ಬೈಯಬೇಕು? ಮೂವತ್ತು ವರ್ಷ ಈ ಮಷೀನುಗಳ ಅರಚಾಟಕ್ಕೆ ಕಿವಿ ಕೊಟ್ಟಿದ್ದ. ಕಿವಿಗೆ ಹತ್ತಿ ಇಟ್ಟುಕೊಳ್ಳುವವರನ್ನು ಕಂಡು ನಕ್ಕಿದ್ದ. ಯಾವುದನ್ನು ನಂಬಿ ಬದುಕಿದನೋ ಅದನ್ನು ಈ ಮಷೀನುಗಳೇ ತಿಂದು ಮುಗಿಸಿದ್ದವು. ಎಂಥ ಅನ್ಯಾಯ ಅನ್ನಿಸಿತು. ಕೈಲಿದ್ದ ಸೂಜಿಯನ್ನು ಗೋಡೆಗೆ ಬೀಸಿ ಒಗೆದ.

ತಂಗಿ ಮಷೀನು ಎತ್ತಿಕೊಳ್ಳಲು ಬಂದಳು. ಅವನು ಕೈ ಅಡ್ಡ ಹಿಡಿದ. ಕಾರ್ಬೊರೇಟರ್ ಬಿಚ್ಚಿ ಕಟ್ಟಿದ ಮೇಲೆ ಅದರ ಸ್ಕ್ರೂ ಹದ ಮಾಡಬೇಕು, ಅದು ಪೂರ್ತಿ ಸದ್ದಿನ ಮೇಲೆ ಮಾಡುವ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಕೂತವನು ಬಹಳ ಹೊತ್ತು ತಿರುವಲೇ ಇಲ್ಲ.

"ಇಲ್ಲಿ ಬಂದು ನಿಲ್ಲು," ಎಂದ ಕೊನೆಗೆ, ಅವಳ ಮುಖ ನೋಡದೆ. "ನಾನು ತಿರುಗಿಸ್ತೀನಿ. ಸದ್ದು ಎಲ್ಲಿ ಸಮ ಆಗುತ್ತೋ ಅಲ್ಲಿ ನನ್ನ ಹೆಗಲು ತಟ್ಟು."